ಅಪ್ಪ ಬಿಚ್ಚಿದ ಸ್ಟೇರಿಂಗ್

ಜನವರಿ ೯

ನಮ್ಮ ಮನೆಯ ಮೆಕ್ಯಾನಿಕ್ ಸಾಹೇಬರಿಗೆ ಡ್ರೈವರ್ ಅಪ್ಪನ ಆಶೀರ್ವಾದಗಳು.

ಫೋನ್ ಇರುವಾಗ ಈ ಮುದುಕನಿಗೆ ಕಾಗದ ಯಾಕೆ ಬೇಕಿತ್ತು ಎಂದು ನಗಬೇಡ. ಫೋನಿನಲ್ಲಿ ಮೊದಲು ನಿನ್ನ ಅಮ್ಮ ಮಾತಾಡುತ್ತಾಳೆ, ಆಮೇಲೂ ಅವಳೇ ಮಾತಾಡುತ್ತಾಳೆ. ಫೋನು ನನ್ನ ಕೈಗೆ ಬರುವ ಹೊತ್ತಿಗೆ ನೀನು ಯಾರದೋ ಕಾರಿನ ಅಡಿ ಮಲಗಿರುತ್ತೀಯ. "ಆಯ್ತಪ್ಪ, ಆಯ್ತಪ್ಪ" ಅನ್ನುತ್ತೀಯೇ ಹೊರತು ನಾನು ಹೇಳಿದ್ದು ಒಂದಕ್ಷರವೂ ನಿನ್ನ ತಲೆಗೆ ಹೋಗಿರುವುದಿಲ್ಲ. ಕಾಗದವಾದರೆ ಊಟ ಮಾಡುತ್ತಲಾದರೂ ಓದುತ್ತೀಯ.

ವಿಷಯ ವ್ಯಾನಿನದು. ಸ್ಟೇರಿಂಗ್ ಕೈಕೊಟ್ಟಿದೆ. ತಿರುಗಿಸುವಾಗ ಒಳಗಿನಿಂದ ಕಟಕಟ ಎಂದು ಸದ್ದು. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದರೆ ಎದ್ದು ಬರುತ್ತದೆ, ಬಿಟ್ಟರೆ ಕೂರುತ್ತದೆ, ಬೀಳಲಿಕ್ಕೆ ಬಂದ ಹಲ್ಲಿನ ಹಾಗೆ. ಮೊದಲು ಟೈರಿನ ಗಾಳಿ ಎಂದುಕೊಂಡೆ, ಆಮೇಲೆ ರಸ್ತೆಯನ್ನು ಬೈದೆ. ಈಗ ಬೈಯಲು ಬೇರೆ ಯಾರೂ ಉಳಿದಿಲ್ಲ.

ಗಾಡಿ ಎಡಕ್ಕೆ ಎಳೆಯುತ್ತಿದೆ ಮಗನೇ. ನಮ್ಮ ಗೇಟಿನ ಎಡಗಂಬಕ್ಕೆ ಎರಡು ಸಲ ಕನ್ನಡಿ ತಾಗಿತು. ಹೋಟೆಲಿನ ಹಿಂಬಾಗಿಲಲ್ಲಿ ಲಾಂಡ್ರಿಯ ಬಟ್ಟೆಗಂಟು ಇಳಿಸಲು ಹೋದಾಗ ಅವರ ಹೂಕುಂಡ ಒಡೆದುಹಾಕಿದೆ. ಮೊನ್ನೆ ಒಬ್ಬ ಸೈಕಲಿನವನು ಪಕ್ಕದಿಂದ ಕೂಗಿದ: "ಏನ್ ಯಜಮಾನ್ರೇ, ಕಣ್ಣು ಮನೇಲಿಟ್ಟು ಬಂದಿದ್ದೀರಾ?" ನಾನು ಬಿಡುತ್ತೇನೆಯೇ? "ಕಣ್ಣು ಇಲ್ಲೇ ಇದೆ ಕಣಯ್ಯಾ, ಸ್ಟೇರಿಂಗ್ ಸರಿಯಿಲ್ಲ" ಎಂದು ಹೇಳಿ ಬಂದೆ. ಕಾರ್ಖಾನೆಯ ಬಸ್ಸನ್ನು ಜೀವಮಾನವೆಲ್ಲ ಓಡಿಸಿ ಒಂದು ಗೀರು ಬೀಳದ ಹಾಗೆ ಒಪ್ಪಿಸಿ ಬಂದವನು ನಾನು. ಈಗ ಹೂಕುಂಡ ಒಡೆಯುವವನು ಎಂದು ಹೆಸರಾಗುತ್ತಿದ್ದೇನೆ.

ಲಾಂಡ್ರಿಯ ಯಜಮಾನಿ ಒಳ್ಳೆಯ ಹೆಂಗಸು, ಆದರೂ ಮೊನ್ನೆ ಮಾತು ತೆಗೆದಳು. "ಅಣ್ಣಾ, ಗಾಡಿ ಬೇಗ ಸರಿ ಮಾಡಿಸ್ಕೊಳ್ಳಿ. ಹೊದಿಕೆ ತಡವಾದ್ರೆ ಹೋಟೆಲ್‌ನೋರು ನನ್ನ ತಲೆ ತಿಂತಾರೆ. ನಿಮ್ಮನ್ನ ಬಿಟ್ಟು ಬೇರೆಯೋರನ್ನ ಹುಡುಕೋ ಹಾಗೆ ಮಾಡ್ಬೇಡಿ." ಹುಡುಕಿಬಿಟ್ಟರೆ ನನ್ನ ಗತಿ ನಿನಗೆ ಗೊತ್ತೇ ಇದೆ. ಬೆಳಗಾದರೆ ಅಡುಗೆಮನೆಯಲ್ಲಿ ಕೂತು ತರಕಾರಿ ಹೆಚ್ಚಬೇಕು, ಹೆಚ್ಚಿದ್ದು ದಪ್ಪವಾಯಿತು ಎಂದು ಬೈಸಿಕೊಳ್ಳಬೇಕು. ನನಗೆ ಆ ವ್ಯಾನು ಬೇಕು.

ಏನು ಕೆಟ್ಟಿರಬಹುದು ಬರೆ. ಸಾಧ್ಯವಾದರೆ ನಾನೇ ಮನೆಯಲ್ಲಿ ಮಾಡಿಕೊಳ್ಳುತ್ತೇನೆ. ಇಲ್ಲಿನ ಗ್ಯಾರೇಜಿನವರು ಒಂದು ಸರಿಮಾಡಿ ಎರಡು ಕೆಡಿಸುತ್ತಾರೆ.

ಹೋದ ತಿಂಗಳು ನೀನು ಬಂದಾಗ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆಯಲ್ಲ, ಆ ಹನಿ ಔಷಧಿ ಅಮ್ಮನ ಸುಪರ್ದಿಯಲ್ಲಿದೆ. ಅವಳ ಕೈಗೆ ಸಿಕ್ಕಿಬಿದ್ದ ದಿನ ಹಾಕಿಸಿಕೊಳ್ಳುತ್ತೇನೆ. ಒಣಗಿದ ಕಣ್ಣಿಗೆ ಇಷ್ಟು ಉಪಚಾರವೇ ಎಂದು ನನಗೆ ನಗು.

ಉತ್ತರಕ್ಕೆ ಕಾಯುತ್ತಿರುವ,
ನಿನ್ನ ಅಪ್ಪ


ಜನವರಿ ೨೦

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಊಟ ಮಾಡುತ್ತಲೇ ಓದಿದೆ. ನಿಮ್ಮ ಸೊಸೆ ಇನ್ನೊಂದು ಸಲ ಜೋರಾಗಿ ಓದಿಸಿ ನಕ್ಕಳು.

ನೀವು ಬರೆದಿದ್ದು ನೋಡಿದರೆ ಅನುಮಾನವೇ ಇಲ್ಲ. ಸ್ಟೇರಿಂಗ್ ಚಕ್ರದಿಂದ ಕೆಳಗೆ ಒಂದು ಉದ್ದನೆಯ ಸರಳು ಹೋಗುತ್ತದೆ. ಅದು ಒಂದು ಕೊಳವೆಯ ಒಳಗಿರುತ್ತದೆ, ಆ ಕೊಳವೆಗೆ ಕಾಲಮ್ ಅನ್ನುತ್ತಾರೆ. ಅದರ ಮೇಲ್ತುದಿಯಲ್ಲಿ ಸರಳನ್ನು ನಡುವೆ ಹಿಡಿದಿಡಲು ಒಂದು ಬೇರಿಂಗ್ ಇರುತ್ತದೆ. ಅದು ಸವೆದುಹೋಗಿದೆ. ಕಟಕಟ ಸದ್ದೂ ಅದರದೇ, ಚಕ್ರ ಎದ್ದು ಬರುವುದೂ ಅದರಿಂದಲೇ. ಕನ್ನಡಿ ಕಂಬಕ್ಕೆ ತಾಗುತ್ತಿರುವುದೂ ಅದರಿಂದಲೇ ಅಪ್ಪ.

ಆದ್ದರಿಂದ ಒಂದು ಮಾತು ನಡೆಸಿಕೊಡಿ. ಬೇರಿಂಗ್ ಬದಲಾಗುವ ತನಕ ವ್ಯಾನನ್ನು ಗೇಟಿನಿಂದ ಆಚೆ ತೆಗೆಯಬೇಡಿ. ಒಂದು ಸಲವೂ ಬೇಡ. ಸ್ಟೇರಿಂಗ್ ವಿಷಯದಲ್ಲಿ ಹುಡುಗಾಟ ಸಲ್ಲ.

ತೊಂದರೆ ಏನೆಂದರೆ ನಿಮ್ಮ ವ್ಯಾನು ತುಂಬ ಹಳೆಯದು. ಕಂಪನಿಯವರು ಅದನ್ನು ತಯಾರಿಸುವುದನ್ನೇ ನಿಲ್ಲಿಸಿದ್ದಾರೆ. ಆ ಬೇರಿಂಗ್ ಬಿಡಿಯಾಗಿ ಸಿಗುವುದಿಲ್ಲ. ಇಲ್ಲಿ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹೇಳಿಟ್ಟಿದ್ದೇನೆ, ಸಿಕ್ಕ ಕೂಡಲೇ ನಾನೇ ತಂದು ಹಾಕಿಕೊಡುತ್ತೇನೆ. ನೀವು ಬಿಚ್ಚಲು ಹೋಗಬೇಡಿ. ಯಜಮಾನಿಯವರಿಗೆ ನಾನೇ ಹೇಳಬೇಕಾದರೆ ಹೇಳುತ್ತೇನೆ.

ಕಣ್ಣಿಗೆ ಹನಿ ಬೆಳಿಗ್ಗೆ ಸಂಜೆ ಹಾಕಿಕೊಳ್ಳಿ. ತಪ್ಪಿಸಬೇಡಿ.

ನಿಮ್ಮ ಮಗ


ಮಾರ್ಚ್ ೨

ಚಿರಂಜೀವಿ ಮೆಕ್ಯಾನಿಕ್ ಸಾಹೇಬರಿಗೆ,

ನಿನ್ನ ಬೇರಿಂಗಿನ ದಾರಿ ನೋಡಿ ನೋಡಿ ನನ್ನ ಕತ್ತು ನೀಳವಾಯಿತು. ಫೋನಿನಲ್ಲಿ ಕೇಳಿದಾಗಲೆಲ್ಲ "ಹುಡುಕ್ತಿದ್ದೀನಪ್ಪ" ಅನ್ನುತ್ತೀಯ. ಬೇರಿಂಗ್ ಹುಡುಕುತ್ತಿದ್ದೀಯೋ ಹೆಣ್ಣು ಹುಡುಕುತ್ತಿದ್ದೀಯೋ ಎಂದು ನಿನ್ನ ಅಮ್ಮನನ್ನು ಕೇಳಿದೆ. ಅವಳು ನಗಲಿಲ್ಲ. ಈಚೆಗೆ ಅವಳು ಯಾವುದಕ್ಕೂ ನಗುವುದಿಲ್ಲ.

ವ್ಯಾನು ಶೆಡ್ಡಿನಲ್ಲಿ ಹೊದ್ದುಕೊಂಡು ಮಲಗಿದೆ. ನಿನಗೆ ಕೊಟ್ಟ ಮಾತು ಮುರಿದಿಲ್ಲ, ಗೇಟಿನಾಚೆ ತೆಗೆದಿಲ್ಲ. ಬೆಳಿಗ್ಗೆ ಹೋಗಿ ಒಳಗೆ ಕೂತು ಇಂಜಿನ್ ಶುರುಮಾಡಿ ಕೇಳಿಸಿಕೊಂಡು ಬರುತ್ತಿದ್ದೆ. ಲಾಂಡ್ರಿಯವಳು ಸದ್ಯಕ್ಕೆ ಯಾರದೋ ಬಾಡಿಗೆ ಗಾಡಿಯಲ್ಲಿ ಕೆಲಸ ನಡೆಸುತ್ತಿದ್ದಾಳೆ. "ನಿಮ್ಮ ಜಾಗ ನಿಮಗೇ ಇಟ್ಟಿದ್ದೀನಿ ಅಣ್ಣಾ" ಅನ್ನುತ್ತಾಳೆ, ಆದರೆ ಹಾಗೆ ಎಷ್ಟು ದಿನ ಇಟ್ಟಾಳು?

ಅದಕ್ಕೇ ನಾನು ಸ್ಟೇರಿಂಗ್ ಬಿಚ್ಚಿದೆ. ಕೂಗಾಡಬೇಡ, ಮೊದಲು ಕೇಳು.

ಬ್ಯಾಟರಿಯ ತಂತಿ ತೆಗೆದೆ. ಹಾರ್ನಿನ ಮುಚ್ಚಳವನ್ನು ಚಮಚದ ಹಿಡಿಯಿಂದ ಎಬ್ಬಿಸಿದೆ. ಒಳಗೆ ದೊಡ್ಡ ನಟ್ಟು. ಬಿಚ್ಚುವ ಮೊದಲು, ಚಕ್ರ ಯಾವ ಹಲ್ಲಿಗೆ ಕೂತಿತ್ತು ಎಂದು ಗೊತ್ತಿರಬೇಕಲ್ಲ, ಚಕ್ರಕ್ಕೂ ಸರಳಿಗೂ ಸೇರಿಸಿ ನಿನ್ನ ಅಮ್ಮನ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದೆ. ಇಷ್ಟರವರೆಗೆ ನಾನು ಬುದ್ಧಿವಂತ. ಆಮೇಲೆ ನಟ್ಟನ್ನು ಪೂರ್ತಿ ತೆಗೆದು ಪಕ್ಕಕ್ಕಿಟ್ಟು, ಎರಡೂ ಮೊಣಕಾಲು ಊರಿ, ಚಕ್ರ ಹಿಡಿದು ಎಳೆದೆ. ಅದು ಜಪ್ಪಯ್ಯ ಅಂದರೂ ಬರಲಿಲ್ಲ. ಇನ್ನೊಂದು ಸಲ ಉಸಿರು ಕಟ್ಟಿ ಎಳೆದೆ ನೋಡು, ಒಂದೇ ಏಟಿಗೆ ಕಳಚಿಕೊಂಡು ಬಂದು ನನ್ನ ಮೂತಿಗೆ ಬಡಿಯಿತು. ತುಟಿ ಒಡೆದು ಊದಿಕೊಂಡಿದೆ. ನಟ್ಟನ್ನು ತುದಿಯಲ್ಲಿ ಒಂದೆರಡು ಸುತ್ತು ಉಳಿಸಿಕೊಂಡು ಎಳೆಯಬೇಕಿತ್ತು ಎಂದು ಆಮೇಲೆ ಹೊಳೆಯಿತು. ನೀನು ಹತ್ತಿರ ಇದ್ದಿದ್ದರೆ ಮೊದಲೇ ಹೇಳುತ್ತಿದ್ದೆ, ಆಮೇಲೆ ನಗುತ್ತಿದ್ದೆ.

ಸಿಗ್ನಲ್ ಕಡ್ಡಿಯ ತಂತಿಗಳಿಗೆಲ್ಲ ಹೊಲಿಗೆ ದಾರ ಕಟ್ಟಿ ಗುರುತು ಮಾಡಿದ್ದೇನೆ. ಕೆಂಪಿಗೆ ಕೆಂಪು ದಾರ, ಹಸಿರಿಗೆ ಹಸಿರು. ಕೊಳವೆಯ ಬಾಯಲ್ಲಿ ಒಂದು ಉಕ್ಕಿನ ಉಂಗುರದ ಲಾಕು, ಅದು ತೆರೆದ ಬಾಗಿಲಿನಿಂದ ಹಾರಿ ಶೆಡ್ಡಿನ ಮೂಲೆಯ ಹಳೆಯ ಅಕ್ಕಿಡಬ್ಬದ ಹಿಂದೆ ಹೋಯಿತು. ಹುಡುಕಿ ತೆಗೆದೆ. ಅದರ ಕೆಳಗೆ ನಿನ್ನ ಮಹಾ ಅಪರೂಪದ ಬೇರಿಂಗ್. ಗುಂಡುಗಳೆಲ್ಲ ತುಕ್ಕು ಹಿಡಿದು, ಗ್ರೀಸು ಒಣಗಿ ಮಣ್ಣಾಗಿದೆ. ಬೆರಳಲ್ಲಿ ತಿರುಗಿಸಿದರೆ ಮರಳು ಅಗಿದ ಹಾಗೆ ಸದ್ದು.

ಸೀಮೆಎಣ್ಣೆಯಲ್ಲಿ ತೊಳೆದಾಗ ಅಂಚಿನಲ್ಲಿ ಏನೋ ನಂಬರು ಕೆತ್ತಿದ್ದು ಕಂಡಿತು. ಭೂತಗನ್ನಡಿ ಹಿಡಿದು, ಬಿಸಿಲಿಗೆ ಓರೆ ಮಾಡಿ, ಎಷ್ಟು ಹೊತ್ತು ಒದ್ದಾಡಿದರೂ ನನಗೆ ಪೂರ್ತಿ ಓದಲಾಗಲಿಲ್ಲ. ನಾಳಿದ್ದು ಪೇಟೆ ಕಡೆ ಹೋಗುತ್ತೇನೆ, ಯಾರಿಗಾದರೂ ತೋರಿಸಿ ಓದಿಸಿಕೊಂಡು ನಿನಗೆ ಬರೆಯುತ್ತೇನೆ. ನಂಬರಿದ್ದರೆ ನಿನಗೆ ಹುಡುಕುವುದು ಸುಲಭವಾದೀತು.

ಒಡೆದ ತುಟಿಯ,
ನಿನ್ನ ಅಪ್ಪ


ಮಾರ್ಚ್ ೪

ಮಗನೇ,

ಈ ಕಾಗದ ನಿನ್ನ ಅಪ್ಪನಿಗೆ ಗೊತ್ತಿಲ್ಲದ ಹಾಗೆ ಬರೆಯುತ್ತಿದ್ದೇನೆ. ಅವರು ಜಗಲಿಯಲ್ಲೇ ಇರುತ್ತಾರೆ, ಫೋನಿನಲ್ಲಿ ಮಾತಾಡಿದರೆ ಕೇಳಿಸುತ್ತದೆ.

ಸ್ಟೇರಿಂಗ್ ಬಿಚ್ಚಿ ಊಟದ ಮೇಜಿನ ಮೇಲೆ ಹರಡಿಕೊಂಡಿದ್ದಾರೆ. ನನ್ನ ದಾರದ ಡಬ್ಬ ಪೂರ್ತಿ ಖಾಲಿ. ಇವತ್ತು ಬೇರಿಂಗನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಪೇಟೆಗೆ ಹೋಗಿದ್ದಾರೆ, ಫೋನೂ ಅವರ ಜೇಬಿನಲ್ಲೇ ಹೋಗಿದೆ. ಯಾರೋ ಅಂಗಡಿಯವನು ನಂಬರು ನೋಡಿ ಇದು ಎಲ್ಲ ಕಡೆ ಸಿಗುತ್ತದೆ ಎಂದುಬಿಟ್ಟರೆ ಏನು ಮಾಡುತ್ತೀಯ? ನೀನು ಹೂಡಿದ ಕಥೆಗೆ ನಾನು ಎಷ್ಟು ದಿನ ಹೂಂಗುಟ್ಟಲಿ?

ಅವತ್ತು ಡಾಕ್ಟರು ನಮ್ಮಿಬ್ಬರನ್ನು ಒಳಗೆ ಕೂರಿಸಿಕೊಂಡು ಹೇಳಿದ್ದನ್ನು ಆಗಿನಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ. ಎಡಗಣ್ಣಿನ ಒತ್ತಡ ಜಾಸ್ತಿಯಾಗಿ ಪಕ್ಕದ ನೋಟ ಹೋಗುತ್ತಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿಯೇ ಕಾಪಾಡಬೇಕು, ಗಾಡಿ ಓಡಿಸಬಾರದು. ಅವರು ಆಗ ಹೊರಗೆ ಬೆಂಚಿನ ಮೇಲೆ ಕೂತು ಯಾರ ಜೊತೆಗೋ ಹರಟುತ್ತಿದ್ದರು. ಈಚೆ ಬಂದು ನೀನು "ಏನಿಲ್ಲಪ್ಪ, ಕಣ್ಣು ಒಣಗಿದೆಯಂತೆ" ಅಂದೆ. ನಾನು ಬಾಯಿ ಬಿಡಲಿಲ್ಲ.

ಈಗ ನಾನು ಹನಿಬಾಟಲಿ ಹಿಡಿದು ಹೋದರೆ "ನಾಳೆ ಹಾಕು, ನೀನೊಬ್ಬಳು" ಎಂದು ಎದ್ದು ಹೋಗುತ್ತಾರೆ. ವಾರಗಟ್ಟಲೆ ಹಾಕಿಸಿಕೊಳ್ಳದೆ ಇದ್ದದ್ದೂ ಉಂಟು. ವಿಷಯ ಗೊತ್ತಿದ್ದರೆ ಹೀಗೆ ಮಾಡುತ್ತಿದ್ದರೇ? ಹೇಳಿಬಿಡೋಣ ಕಣೋ. ಕೋಪ ಮಾಡಿಕೊಳ್ಳಲಿ, ತಟ್ಟೆ ಎಸೆಯಲಿ. ನನ್ನ ಕೈಲಿ ಇನ್ನು ಆಗುವುದಿಲ್ಲ. ನೀನು ಬಂದು ಹೇಳು, ಇಲ್ಲ ನನಗೆ ಹೇಳಲು ಬಿಡು.

ಅಮ್ಮ


ಮಾರ್ಚ್ ೧೨

ಅಪ್ಪನಿಗೆ ನಮಸ್ಕಾರಗಳು.

ತುಟಿ ವಾಸಿಯಾಯಿತೇ? ಬೇಡ ಎಂದರೂ ಬಿಚ್ಚಿದ್ದೀರಿ. ಹೋಗಲಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪೇಟೆಯಲ್ಲಿ ಯಾರಾದರೂ ಇದಕ್ಕೆ ಸರಿಹೋಗುತ್ತದೆ ಎಂದು ಬೇರಿಂಗ್ ಕೊಟ್ಟರೆ ತೆಗೆದುಕೊಳ್ಳಬೇಡಿ. ನೋಡಲು ಒಂದೇ ಥರ ಇರುತ್ತದೆ, ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಓಡುವಾಗ ಸ್ಟೇರಿಂಗ್ ಹಿಡಿದುಕೊಂಡುಬಿಡುತ್ತದೆ. ಪ್ರಾಣದ ಪ್ರಶ್ನೆ. ನಿಮ್ಮ ಮಗ ಈ ಕೆಲಸದಿಂದಲೇ ಅನ್ನ ತಿನ್ನುತ್ತಿರುವವನು, ನನ್ನ ಮಾತಿಗಿಂತ ಅಂಗಡಿಯವನ ಮಾತು ಹೆಚ್ಚಾಗಬಾರದು.

ಮುಂದಿನ ತಿಂಗಳು ರಜೆ ಹಾಕಿ ಬರುತ್ತೇನೆ. ಅಲ್ಲಿಯವರೆಗೆ ಎಲ್ಲ ಹಾಗೆಯೇ ಇರಲಿ. ಹನಿ ಮರೆಯಬೇಡಿ.

ನಿಮ್ಮ ಮಗ


ಮಾರ್ಚ್ ೧೮

ಮಗನಿಗೆ,

ನಿನ್ನ ಕಾಗದ ಬರುವಷ್ಟರಲ್ಲಿ ಬೇರಿಂಗ್ ಸ್ಟೇರಿಂಗಿನ ಒಳಗೆ ಹೋಗಿ ಕೂತಾಗಿತ್ತು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನಾನು ಗಾಡಿಯ ಬಿಡಿಭಾಗದ ಅಂಗಡಿಗೆ ಹೋಗಲಿಲ್ಲ. ನೀನೇ ಸಿಗುವುದಿಲ್ಲ ಅಂದಿದ್ದೆಯಲ್ಲ. ಬರೀ ನಂಬರು ಓದಿಸೋಣ ಎಂದು, ನೀರಿನ ಪಂಪಿಗೆ ಬೇರಿಂಗು ಬೆಲ್ಟು ಮಾರುವ ಸಣ್ಣ ಅಂಗಡಿಯ ಕಟ್ಟೆ ಹತ್ತಿದೆ. ಅಂಗಡಿಯವನು ಫೋನಿನಲ್ಲಿ ಮಾತಾಡುತ್ತಲೇ ನನ್ನ ಬೇರಿಂಗನ್ನು ತಿರುಗಿಸಿ ನೋಡಿದ, ಹಿಂದಕ್ಕೂ ತಿರುಗದೆ ಕೈ ಚಾಚಿ ಒಂದು ಪೊಟ್ಟಣ ತೆಗೆದು ಮೇಜಿನ ಮೇಲೆ ಹಾಕಿದ. ಅದೇ ನಂಬರು. "ಇದು ಎಲ್ಲೂ ಸಿಗಲ್ವಂತಲ್ಲಪ್ಪ" ಅಂದೆ. ಅವನು ಫೋನನ್ನು ಕಿವಿಯಿಂದ ತೆಗೆದು ನನ್ನ ಮುಖ ನೋಡಿದ. "ಯಾರ್ ಹೇಳಿದ್ದು? ಇದು ಪಂಪಿಗೂ ಹಾಕ್ತಾರೆ, ಫ್ಯಾನಿಗೂ ಹಾಕ್ತಾರೆ. ಯಾವ ಮೆಕ್ಯಾನಿಕ್‌ನ ಕೇಳಿದ್ರೂ ಗೊತ್ತಿರುತ್ತೆ. ನಿಮಗ್ಯಾರೋ ಕಿವಿಗೆ ಹೂ ಇಟ್ಟಿದ್ದಾರೆ ಬಿಡಿ."

ನನ್ನ ಮಗ ಅನ್ನಲಿಲ್ಲ. ಯಾರೋ ಗ್ಯಾರೇಜಿನವನು ಅಂದೆ.

ದಾರಿಯುದ್ದಕ್ಕೂ ತಲೆ ಕೆಟ್ಟುಹೋಯಿತು. ನಿನಗೆ ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಹಾಗಾದರೆ ಯಾಕೆ? ಅಪ್ಪ ಬೇರೆಯವರ ಮಾಸಿದ ಹೊದಿಕೆ ಹೊರುವುದು ನಿನಗೆ ಅವಮಾನವೇ? ವ್ಯಾನನ್ನು ಮಾರಿಸುವ ಆಲೋಚನೆಯೇ? ಏನೇನೋ ಅಂದುಕೊಂಡೆ. ಆದರೂ ಎಲ್ಲೋ ತಪ್ಪು ತಿಳಿದಿರಬೇಕು ಎಂದು ನಿನ್ನ ಪರವಾಗಿ ನಾನೇ ವಾದ ಮಾಡಿಕೊಂಡೆ. ಮೊದಲು ಹಾಕಿ ನೋಡೋಣ, ಸರಿಹೋಗದಿದ್ದರೆ ಮಗನ ಮಾತೇ ನಿಜ ಎಂದುಕೊಂಡೆ. ಸರಿಹೋಗದಿರಲಿ ಎಂದು ಆಸೆಪಟ್ಟೆ ಎಂದರೆ ನಂಬುತ್ತೀಯಾ?

ಬೇರಿಂಗನ್ನು ಫ್ರಿಜ್ಜಿನ ಐಸು ಖಾನೆಯಲ್ಲಿಟ್ಟು ಕುಗ್ಗಿಸಿದೆ. ಕೊಳವೆಯ ಬಾಯನ್ನು ಬಿಸಿನೀರಿನ ಬಟ್ಟೆ ಸುತ್ತಿ ಕಾಯಿಸಿದೆ. ಒಂದು ತುಂಡು ಪೈಪನ್ನು ಆನಿಸಿ, ಹೊರಗಿನ ಬಳೆಗೆ ಮಾತ್ರ ಏಟು ಬೀಳುವ ಹಾಗೆ, ಮರದ ಕೊಡತಿಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿದೆ. ತಾನಾಗಿ ಹೋಗಿ ಕೂತಿತು. ಲಾಕು ಹಾಕಿದೆ, ದಾರದ ಗುರುತು ನೋಡಿ ತಂತಿ ಸೇರಿಸಿದೆ, ಉಗುರುಬಣ್ಣದ ಗೆರೆಗೆ ಗೆರೆ ಕೂಡಿಸಿ ಚಕ್ರ ಕೂರಿಸಿ ನಟ್ಟು ಬಿಗಿದೆ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ ಸಾಹೇಬರೇ. ಎತ್ತಿದರೆ ಏಳಲಿಲ್ಲ, ತಿರುಗಿಸಿದರೆ ಸದ್ದಿಲ್ಲ. ನನ್ನ ಬಸ್ಸು ಹೊಸದಾಗಿ ಬಂದಾಗ ಹೀಗಿತ್ತು.

ಗೇಟಿನಾಚೆ ತೆಗೆದೆ. ಬೀದಿಯ ಕೊನೆಯ ತನಕ ಹೋಗಿ ತಿರುಗಿಸಿಕೊಂಡು ಬಂದೆ. ಖುಷಿಯಲ್ಲಿ ಹಾರ್ನ್ ಬೇರೆ ಹೊಡೆದೆ. ಒಳಗೆ ಬರುವಾಗ ಎಡಗನ್ನಡಿ ಕಂಬಕ್ಕೆ ಬಡಿದು ಪುಡಿಯಾಯಿತು.

ಇಂಜಿನ್ ಆಫ್ ಮಾಡಿ ಕೂತೆ. ಚಕ್ರ ಹಿಡಿದು ಅಲ್ಲಾಡಿಸಿ ನೋಡಿದೆ. ಅಲ್ಲಾಡಲಿಲ್ಲ. ಸದ್ದು ಕೇಳಿ ನಿನ್ನ ಅಮ್ಮ ಓಡಿಬಂದಳು. ಓಡಿಬಂದ ಕಾಲಿನ ಸದ್ದು ಕೇಳಿಸಿತು, ಅವಳು ಕಾಣಿಸಲಿಲ್ಲ. "ಎಲ್ಲಿದ್ದೀಯೇ?" ಅಂದೆ. "ಇಲ್ಲೇ ಇದ್ದೀನಲ್ಲ" ಎಂದು ನನ್ನ ಎಡಗಡೆಯ ಕಿಟಕಿಯಿಂದಲೇ ಅಂದಳು.

ಅಂಗೈಯಲ್ಲಿ ಬಲಗಣ್ಣು ಮುಚ್ಚಿಕೊಂಡು ಅವಳ ಕಡೆ ತಿರುಗಿದೆ. ಮೂಗು ಕಂಡಿತು, ಕಿವಿ ಕಾಣಲಿಲ್ಲ. ಹಿಂದೆ ಕಂಬ ಇರಬೇಕಾದ ಕಡೆ ಏನೂ ಇರಲಿಲ್ಲ. ಕತ್ತಲೆಯೂ ಅಲ್ಲ ಮಗನೇ, ಏನೂ ಇಲ್ಲ. "ನನಗೇನಾಗಿದೆ?" ಅಂದೆ. ಅವಳು ಅಲ್ಲೇ ಕಿಟಕಿ ಹಿಡಿದುಕೊಂಡು ಅಳಲು ಶುರುಮಾಡಿದಳು. ಎಲ್ಲವನ್ನೂ ಹೇಳಿದಳು. ನಿನ್ನ ಮೇಲೆ ಹಾಕಿ ತಾನು ತಪ್ಪಿಸಿಕೊಳ್ಳಲಿಲ್ಲ, ಅಷ್ಟು ಮಟ್ಟಿಗೆ ಅವಳು ದೊಡ್ಡವಳು.

ನನ್ನ ಕಣ್ಣು ಹೋಗುತ್ತಿರುವುದು ನಿನಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು, ನಿನ್ನ ಹೆಂಡತಿಗೂ ಗೊತ್ತಿತ್ತಂತೆ. ನನ್ನ ಕಾಗದವನ್ನು ಜೋರಾಗಿ ಓದಿಸಿ ನಕ್ಕಳು ಎಂದು ಬರೆದಿದ್ದೆಯಲ್ಲ, ಸೈಕಲಿನವನು ಬೈದ ಭಾಗ ಬಂದಾಗಲೂ ನಕ್ಕಳೇ? ನನ್ನ ಕಣ್ಣಿನ ವಿಷಯ ಗೊತ್ತಿಲ್ಲದವನು ಈ ಮನೆಯಲ್ಲಿ ನಾನೊಬ್ಬನೇ. ನೀವೆಲ್ಲ ಕೂಡಿ ನನ್ನನ್ನು ಮಂಗ ಮಾಡಿದಿರಿ.

ಕಾಗದ ಇಲ್ಲಿಗೆ ಸಾಕು.

ಅಪ್ಪ


ಮಾರ್ಚ್ ೨೭

ಅಪ್ಪನಿಗೆ,

ಫೋನ್ ಮಾಡಿದರೆ ನೀವು ತೆಗೆದುಕೊಳ್ಳುತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಬೈದುಕೊಳ್ಳಿ. ಆದರೆ ನಾನು ಮಾಡಿದ್ದು ತಪ್ಪು ಎಂದು ನನಗೆ ಈಗಲೂ ಅನ್ನಿಸುತ್ತಿಲ್ಲ. ಬಸ್ಸು ಬಿಟ್ಟು ಮನೆಗೆ ಬಂದ ವರ್ಷ ನೀವು ಹೇಗಿದ್ದಿರಿ ಎಂದು ನಿಮಗೆ ನೆನಪಿಲ್ಲ, ನನಗಿದೆ. ಸ್ನಾನ ಮಾಡಿಸಲು ಅಮ್ಮ ಕೂಗಾಡಬೇಕಿತ್ತು. ಗೋಡೆ ಕಡೆ ಮುಖ ಮಾಡಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. ವ್ಯಾನು ಬಂದ ಮೇಲೆ ಮನುಷ್ಯರಾದಿರಿ. ಆ ಡಾಕ್ಟರು "ಇನ್ನು ಓಡಿಸೋ ಹಾಗಿಲ್ಲ" ಎಂದಾಗ ನನಗೆ ಆ ಗೋಡೆಯೇ ಕಣ್ಣಿಗೆ ಬಂತು. ನಿಮ್ಮ ಕೈಯಿಂದ ಸ್ಟೇರಿಂಗ್ ಕಿತ್ತುಕೊಳ್ಳುವ ಮಾತು ನನ್ನ ಬಾಯಲ್ಲಿ ಬರಲಿಲ್ಲ. ನಿಮ್ಮ ಕಾಗದ ಬಂದಾಗ, ಆ ಕೆಲಸವನ್ನು ಬೇರಿಂಗೇ ಮಾಡಲಿ ಎಂದುಕೊಂಡೆ. ಗಾಡಿ ಕೆಟ್ಟಿದೆ ಎಂದರೆ ನೀವು ಗಾಡಿಯನ್ನು ಬೈದುಕೊಂಡು ಇರುತ್ತೀರಿ. ಸ್ವಲ್ಪ ಸ್ವಲ್ಪವಾಗಿ ಅಭ್ಯಾಸವಾಗಲಿ, ಆಮೇಲೆ ಹೇಳೋಣ ಎಂದಿತ್ತು.

ಹನಿ ಹಾಕಿಕೊಳ್ಳಿ ಎಂದು ಪ್ರತಿ ಕಾಗದದಲ್ಲೂ ಬರೆದಿದ್ದೇನೆ. ಅದನ್ನಾದರೂ ಒಪ್ಪಿಕೊಳ್ಳಿ.

ಇದನ್ನು ಮೋಸ ಎಂದು ಕರೆಯಬೇಡಿ ಅಪ್ಪ. ಮುಂದಿನ ತಿಂಗಳು ಬರುತ್ತೇನೆ, ಕೂತು ಮಾತಾಡೋಣ.

ನಿಮ್ಮ ಮಗ


ಏಪ್ರಿಲ್ ೧೧

ಮಗನಿಗೆ,

ನಾನು ಡಾಕ್ಟರ ಹತ್ತಿರ ಒಬ್ಬನೇ ಹೋಗಿಬಂದೆ. ನಿನ್ನ ಅಮ್ಮ ಬರುತ್ತೇನೆ ಎಂದಳು, ಬೇಡ ಎಂದೆ. ಬಸ್ಸಿನಲ್ಲಿ ಹೋದೆ. ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು ಅವನ ಕೈಗಳನ್ನೇ ನೋಡಿಕೊಂಡು ಹೋದೆ.

ಡಾಕ್ಟರು ನನ್ನ ಗದ್ದವನ್ನು ಯಂತ್ರದ ಮೇಲೆ ಇರಿಸಿ ಎರಡೂ ಕಣ್ಣು ನೋಡಿದರು. ಆಮೇಲೆ ಹಳೆಯ ಪರೀಕ್ಷೆಯನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಹೋಲಿಸಿದರು. "ಹನಿ ಸರಿಯಾಗಿ ಹಾಕ್ಕೊಳ್ತಿದ್ದೀರಾ?" ಎಂದು ಕೇಳಿದರು. ನೆನಪಾದಾಗ ಹಾಕಿಕೊಳ್ಳುತ್ತಿದ್ದೆ, ಒಣಗಿದ ಕಣ್ಣಿಗೆ ತಾನೆ, ಅಂದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಒಣಗಿದ ಕಣ್ಣು ಅಂತ ಯಾರು ಹೇಳಿದ್ದು? ಅಪ್ಪಂಗೆ ನಾವೇ ಎಲ್ಲಾ ಬಿಡಿಸಿ ಹೇಳ್ತೀವಿ ಅಂತ ನಿಮ್ಮ ಮಗ ಅಂದಿದ್ರಲ್ಲ."

ನಾನು ಅವರ ಮುಂದೆಯೂ ನಿನ್ನನ್ನು ಬಿಟ್ಟುಕೊಡಲಿಲ್ಲ. ನಾನೇ ಮರೆತೆ ಎಂದೆ. ಆ ಮುದುಕ ಡಾಕ್ಟರು ನನ್ನನ್ನು ಬೈದರು, ಬೈಸಿಕೊಂಡೆ. ಡಿಸೆಂಬರಿನಲ್ಲಿ ಉಳಿದಿದ್ದ ಎಡಗಣ್ಣಿನ ನೋಟದಲ್ಲಿ ಬಹುಪಾಲು ಈಗ ಇಲ್ಲ. ಹನಿ ತಪ್ಪದೆ ಬಿದ್ದಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಎಂದರು. ಬಲಗಣ್ಣಿಗೂ ಈಗ ಹಿಡಿಯತೊಡಗಿದೆಯಂತೆ. ಅದನ್ನು ಉಳಿಸಿಕೊಳ್ಳುವುದು ನನ್ನ ಕೈಯಲ್ಲಿದೆ ಎಂದರು.

ನೀನು ಪ್ರತಿ ಕಾಗದದಲ್ಲೂ ಹನಿ ಎಂದು ಬರೆದಿದ್ದೆ, ನಿಜ. ಒದ್ದೆ ಟವೆಲು ಒಣಗಿಹಾಕಿ ಅನ್ನುವ ಹಾಗೆ ಬರೆದಿದ್ದೆ. ಮರೆತರೆ ಕಣ್ಣು ಹೋಗುತ್ತದೆ ಎಂದು ಒಂದು ಸಾಲು ಸೇರಿಸಿದ್ದರೆ, ಅಮ್ಮ ಬಾಟಲಿ ಹಿಡಿದು ನನ್ನ ಹಿಂದೆ ಓಡಬೇಕಾಗಿರಲಿಲ್ಲ, ನಾನೇ ಅವಳ ಹಿಂದೆ ಓಡುತ್ತಿದ್ದೆ. ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆನೋ ಏನೋ. ಮಲಗುತ್ತಿದ್ದೆ ಅನ್ನು. ಆದರೆ ಎಡಗಡೆಯ ಗೋಡೆಯೂ ನನಗೆ ಕಾಣುತ್ತಿತ್ತು.

ಇನ್ನೊಂದು ಮಾತಿದೆ. ಡಾಕ್ಟರು ಓಡಿಸಬಾರದು ಎಂದದ್ದು ಡಿಸೆಂಬರಿನಲ್ಲಿ. ನೀನು ಬೇರಿಂಗಿನ ಕಥೆ ಕಟ್ಟಿ ನನ್ನನ್ನು ನಿಲ್ಲಿಸಿದ್ದು ಜನವರಿಯ ಕೊನೆಗೆ. ನಡುವೆ ಅಷ್ಟು ದಿನವೂ ನಾನು ರಸ್ತೆಯಲ್ಲಿದ್ದೆ. ಶಾಲೆ ಬಿಡುವ ಹೊತ್ತಿನಲ್ಲಿ ಮಕ್ಕಳ ನಡುವೆ ಓಡಿಸಿದ್ದೇನೆ. ಆ ಸೈಕಲಿನವನು ನನ್ನ ಎಡಗಡೆಯೇ ಇದ್ದ. ಅವನು ಚಕ್ರದ ಅಡಿ ಬಂದಿದ್ದರೆ, ಸ್ಟೇರಿಂಗ್ ಕೆಟ್ಟಿತ್ತು ಎಂದು ನಾನು ಪೊಲೀಸರ ಮುಂದೆ ಆಣೆ ಮಾಡಿ ಹೇಳುತ್ತಿದ್ದೆ. ನಿಜವೆಂದೇ ನಂಬಿ ಹೇಳುತ್ತಿದ್ದೆ. ಜೀವಮಾನವೆಲ್ಲ ಯಾರಿಗೂ ಒಂದು ತರಚುಗಾಯ ಮಾಡದ ಡ್ರೈವರನ್ನು ನೀವಿಬ್ಬರೂ ಗೊತ್ತಿದ್ದೂ ಹಾಗೆ ರಸ್ತೆಗೆ ಬಿಟ್ಟಿರಿ. ನನ್ನ ಮನಸ್ಸು ನೋಯಬಾರದು ಎಂದು ಯಾರದೋ ಮನೆಯವರನ್ನು ಪಣಕ್ಕಿಟ್ಟಿರಿ. ಇದನ್ನು ಮೋಸ ಎಂದು ಕರೆಯಬೇಡಿ ಎಂದು ಬರೆದಿದ್ದೀಯ. ಬೇರೆ ಏನೆಂದು ಕರೆಯಲಿ, ನೀನೇ ಒಂದು ಹೆಸರು ಹುಡುಕಿ ಬರೆ.

ಲಾಂಡ್ರಿಗೆ ಹೋಗಿ ಯಜಮಾನಿಗೆ ನಾನೇ ಬಾಯಿ ಬಿಟ್ಟು ಹೇಳಿದೆ. "ನನಗೆ ಎಡಗಡೆ ಕಾಣಲ್ಲಮ್ಮಾ, ಬೇರೆಯೋರನ್ನ ನೋಡ್ಕೋ" ಅಂದೆ. ನೀನು ಹೇಳಲಾರದೆ ಹೋದ ಮಾತು ಅಷ್ಟೇ ಉದ್ದ ಇತ್ತು ನೋಡು. ಹೇಳಿ ಮುಗಿದ ಮೇಲೆ ನಾನು ಸಾಯಲಿಲ್ಲ. ಅವಳು ಒಂದು ಲೋಟ ಚಹಾ ಕೊಟ್ಟಳು. ಹೊಸದಾಗಿ ಬಂದ ಡ್ರೈವರು ವ್ಯಾನನ್ನು ತಾನೇ ಕೊಳ್ಳುತ್ತೇನೆ ಎಂದ. ನಿನ್ನೆ ಬಂದು ತೆಗೆದುಕೊಂಡು ಹೋದ. "ಸ್ಟೇರಿಂಗ್ ಭಾರಿ ಚೆನ್ನಾಗಿದೆ, ಯಾರ ಹತ್ರ ಮಾಡ್ಸಿದ್ರಿ?" ಎಂದು ಕೇಳಿದ. ಮನೆಯಲ್ಲೇ ಮಾಡಿದ್ದು ಎಂದೆ.

ಈಗ ನಿನ್ನ ಅಮ್ಮ ಹನಿ ಹಾಕುವುದಿಲ್ಲ. ಕನ್ನಡಿಯ ಮುಂದೆ ನಿಂತು ನಾನೇ ಹಾಕಿಕೊಳ್ಳುತ್ತೇನೆ. ಅವಳ ಜೊತೆ ಮಾತಾಡುತ್ತಿದ್ದೇನೆ, ಚಿಂತೆ ಮಾಡಬೇಡ. ಒಂದೇ ಸೂರಿನಡಿ ಇದ್ದುಕೊಂಡು ಎಷ್ಟು ದಿನ ಮುನಿಸಿಕೊಂಡಿರಲಿ? ನಿನ್ನ ಮೇಲಿನ ಕೋಪ ಮಾತ್ರ ಇಳಿದಿಲ್ಲ. ಇಳಿಯುತ್ತದೆ ಎಂದು ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡುವುದಿಲ್ಲ.

ಬರುತ್ತೇನೆ ಎಂದಿದ್ದೀಯ. ಬಾ. ಸೊಸೆಯನ್ನೂ ಕರೆದುಕೊಂಡು ಬಾ. ಊಟ ಮಾಡೋಣ, ಆಮೇಲೆ ನೀನು ಹೇಳಬೇಕಾದದ್ದು ಏನಿದೆಯೋ ಹೇಳು, ಕೇಳುತ್ತೇನೆ.

ಆದರೆ ನನ್ನ ಎಡಗಡೆ ಕೂರಬೇಡ. ಬಲಗಡೆ ಕೂತುಕೋ. ಇನ್ನು ಮೇಲೆ ನೀನು ಮಾತಾಡುವಾಗಲೆಲ್ಲ ನಾನು ನಿನ್ನ ಮುಖ ನೋಡಬೇಕು.

ಅಪ್ಪ